ಪಿಂಗಾಣಿಯ ಮೇಲಿನ ಮುಖ

"ಈಕಿ ಆಕಿ ಅಲ್ಲ," ಎಂದು ಮರುಳಸಿದ್ದಮ್ಮ ಇನ್ನೂ ಬೆಚ್ಚಗಿದ್ದ ಕಪ್ಪನ್ನು ಗುರುಬಸವರಾಜನ ಕಡೆಗೇ ಸರಿಸಿದಳು.

ಹೋದ ವಾರದ ಕಪ್ಪನ್ನೂ ಹೀಗೆಯೇ ಒಲ್ಲೆ ಅಂದಿದ್ದಳು. ಉಜ್ಜಿನಿಯಿಂದ ಬಸ್ಸು ಹತ್ತಿ ಮತ್ತೆ ಬಂದು ಕೂತದ್ದು ಇದಕ್ಕೇನೋ.

ಕೊಟ್ಟೂರು ಬಸ್‌ಸ್ಟ್ಯಾಂಡಿನ ಪಕ್ಕದ ಅವನ ಸ್ಟುಡಿಯೋಕ್ಕೆ ಪಿಂಗಾಣಿಯ ಮೇಲೆ ಫೋಟೋ ಅಚ್ಚು ಹಾಕುವ ಯಂತ್ರ ಬಂದದ್ದು ಆ ವರ್ಷ, ಎರಡು ಸಾವಿರದ ಏಳರಲ್ಲಿ. ಕಂಪ್ಯೂಟರಿನಲ್ಲಿ ಫೋಟೋ ತಿದ್ದಿ, ಎಡಬಲ ತಿರುಗಿಸಿ, ಕಾಗದದ ಮೇಲೆ ಉಲ್ಟಾ ತೆಗೆಯಬೇಕು. ಆ ಕಾಗದವನ್ನು ಕಪ್ಪಿಗೆ ಸುತ್ತಿ ಕಾಯಿಸಿದರೆ ಮುಖ ನೆಟ್ಟಗೆ ಮೂಡುತ್ತದೆ. ಹೊಸದಾಗಿ ಮದುವೆಯಾದವರು, ಕೂಸು ಹುಟ್ಟಿದವರು ಬರುತ್ತಿದ್ದರು. ತೀರಿಹೋದವರ ಫೋಟೋ ಯಾರೂ ತಂದಿರಲಿಲ್ಲ. ಅವರ ಜಾಗ ಗೋಡೆ. ಅವರ ಮುಖಕ್ಕೆ ಎಂಜಲು ತಾಗಿಸುವವರುಂಟೆ?

"ಅದ ಫೋಟೋ, ಅದ ಮುಖ ಐತಲ್ರಿ ಅಮ್ಮಾ. ಜೋಡಿಸಿ ನೋಡ್ರಿ ಬೇಕಾದ್ರ."

"ಫೋಟೋದಾಗೂ ಆಕಿ ಇಲ್ಲ ಬಿಡು. ಅದಕ್ಕ ಪೆಟ್ಟಿಗ್ಯಾಗ ಒಗದಿದ್ದೆ. ನಿನ್ನ ಮಷಿನ್ನಾದ್ರೂ ಕರ್ಕೊಂಡು ಬರ್ತೈತೇನೋ ಅನ್ಕಂಡೆ."

ಗುರುಬಸವರಾಜ ಮತ್ತೊಮ್ಮೆ ಫೋಟೋ ನೋಡಿದ. ಅಂಚು ಹರಿದ, ಹಳದಿಗಟ್ಟಿದ ಹಳೇ ಕಾಲದ ಫೋಟೋ. ಹದಿನೆಂಟರ ಆಸುಪಾಸಿನ ಹುಡುಗಿ, ಈಕೆಯ ತೀರಿಹೋದ ಮಗಳಿರಬೇಕು. ಓರೆ ಬೈತಲೆ, ಮೂಗುಬೊಟ್ಟು, ಒಂದೇ ತುದಿಗೆ ಏರಿದ ನಗು. ಕಪ್ಪಿನ ಮೇಲೂ ಇದ್ದದ್ದು ಅದೇ, ಕೂದಲೆಳೆಯ ವ್ಯತ್ಯಾಸವಿಲ್ಲದೆ.

ಚಹಾ ಕೊಡಲು ಬಂದ ಪಕ್ಕದಂಗಡಿಯ ಮಂಜಣ್ಣ ಎರಡೂ ಕಪ್ಪು ನೋಡಿದ. "ಬ್ರಹ್ಮಗೂ ಯಾರೂ ಇಷ್ಟು ಸಲ ಮುಖ ವಾಪಸ್ ಕೊಟ್ಟಿಲ್ಲಲೇ ಬಸ್ಯಾ."

"ಹೋಗಣ್ಣ ನೀ ಸುಮ್ನ."

ಮಂಜಣ್ಣ ಹೋದ ಮೇಲೆ ಗುರುಬಸವರಾಜ ದನಿ ತಗ್ಗಿಸಿದ. "ಹೆಂಗ ಹೋದರ್ರಿ?"

"ಸ್ಟೌವ್ ಸಿಡೀತು. ಆವತ್ತ ಹೋದಳು."

"ಮನ್ಯಾಗ ಮತ್ತ ಯಾರದಾರ್ರಿ?"

"ಯಾರಿಲ್ಲ. ಆಮ್ಯಾಲೆ ಗಂಡನ ಮನಿಯವರು ತಿರುಗಿ ನೋಡಲಿಲ್ಲ." ಆಕೆ ಚಹಾ ಮುಟ್ಟಲಿಲ್ಲ. "ಮುಂಜಾನಿ ಚಾ ಕುಡಿಯೋ ಹೊತ್ತಿಗೆ ಎದುರಿಗೆ ಆಕಿ ಒಬ್ಬಾಕಿ ಇದ್ರ ಸಾಕು ನೋಡಪ್ಪ. ಈಗೀಗ ಮುಖಾನ ನೆನಪಿಗೆ ಬರವಲ್ದು."

ಅವನು ಕ್ಯಾಮೆರಾ ಕೈಗೆತ್ತಿಕೊಂಡ. "ನಿಮ್ದೂ ಒಂದು ಫೋಟೋ ತೆಗೀತೀನಿ. ತಾಯಿ ಮಗಳನ್ನ ಕೂಡಿಸಿ ಹಾಕಿಕೊಡ್ತೀನಿ, ಬರ್ರಿ."

"ಬ್ಯಾಡ," ಎಂದು ಸೆರಗನ್ನು ಎಡಗೆನ್ನೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. "ಇಬ್ಬರೂ ಒಂದ ಕಡೆ ಇರೋ ಹಂಗಿಲ್ಲ."

ಅಳು ಮುಚ್ಚಿಕೊಳ್ಳುತ್ತಿದ್ದಾಳೆ ಅಂದುಕೊಂಡು ಅವನು ಮುಖ ತಿರುಗಿಸಿದ.

ಮತ್ತೆ ಕಂಪ್ಯೂಟರಿನ ಮುಂದೆ ಕೂತ. ಕೆನ್ನೆಗೆ ಬೆಳಕು ಕೊಟ್ಟ, ಹಣೆಯ ಬಿರುಕು ಅಳಿಸಿದ. ಅಷ್ಟರಲ್ಲಿ ಕರೆಂಟು ಹೋಯಿತು. ಬಂದಾಗ ಮಾಡಿದ್ದೆಲ್ಲ ಮೊದಲಿನಿಂದ ಮಾಡಬೇಕು. ಹೊರಗೆ ಉಜ್ಜಿನಿ ಬಸ್ಸು ಹಾರನ್ ಹೊಡೆಯುತ್ತಿತ್ತು. ಗಡಿಬಿಡಿಯಲ್ಲಿ ಕಾಗದ ತೆಗೆದ, ಸುತ್ತಿದ, ಕಾಯಿಸಿದ. ಕಾಗದ ಸುಲಿದವನೇ ನಾಲಿಗೆ ಕಚ್ಚಿಕೊಂಡ. ಎಡಬಲ ತಿರುಗಿಸುವುದನ್ನೇ ಮರೆತಿದ್ದ. ಬೈತಲೆ ಆಚೆಗೆ ಸರಿದಿತ್ತು, ಮೂಗುಬೊಟ್ಟು ಪಕ್ಕ ಬದಲಿಸಿತ್ತು, ಸೆರಗು ಬಲಭುಜದ ಮೇಲಿತ್ತು.

"ಕೆಟ್ಟೋತ್ರಿ ಅಮ್ಮಾ. ಇನ್ನೊಂದು ಹಾಕ್ತೀನಿ, ತರ್ರಿ ಇಲ್ಲಿ."

ಆಕೆ ಆಗಲೇ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕೈ ಸುಡುತ್ತಿದೆ ಎಂಬ ಪರಿವೆಯೂ ಇದ್ದಂತಿರಲಿಲ್ಲ. ಒಂದೇ ತುದಿಗೆ ಏರಿದ ಆ ನಗುವನ್ನು ಹೆಬ್ಬೆರಳಿನಿಂದ ಸವರಿದಳು.

"ಈಗ ಬಂದಳು ನೋಡು."

"ಅದು ಉಲ್ಟಾ ಐತ್ರಿ," ಗುರುಬಸವರಾಜನಿಗೆ ನಗಬೇಕೋ ಮರುಗಬೇಕೋ ತಿಳಿಯಲಿಲ್ಲ. "ಹೆತ್ತ ಮಗಳ ಮುಖ ಗುರ್ತು ಸಿಗವಲ್ದೇನ್ರಿ ನಿಮಗ?"

"ಮಗಳಲ್ಲಪ್ಪ," ಎಂದಳು ಮರುಳಸಿದ್ದಮ್ಮ, ಕಪ್ಪಿನಿಂದ ಕಣ್ಣು ಕೀಳದೆ. ಜಾರಿದ ಸೆರಗಿನಡಿ ಎಡಗೆನ್ನೆ ಸುಟ್ಟು ಮುದುಡಿತ್ತು. "ದಿನಾ ತಲಿ ಬಾಚ್ಕೊಳ್ಳೋವಾಗ ನನಗ ಕನ್ನಡ್ಯಾಗ ಕಾಣ್ತಿದ್ದಾಕಿ."