ಏಳನೇ ಟೇಕ್

ಆರನೇ ಟೇಕ್‌ನಲ್ಲೂ ಭಯ ಬರಲಿಲ್ಲ. ಹಣ್ಣಿನ ಗೋದಾಮಿನ ಕೋಲ್ಡ್ ಸ್ಟೋರೇಜ್ ಒಳಗೆ ನಿಂತ ತಮ್ಮ, ಬಾಗಿಲು ಬಡಿದ, ಕೂಗಿದ, ಬಾಗಿಲಿನ ನಡುವೆ ಇದ್ದ ತಟ್ಟೆಯಗಲದ ಗಾಜಿಗೆ ಮುಖ ಒತ್ತಿದ. ಎಲ್ಲವೂ ಪಾಠ ಒಪ್ಪಿಸಿದ ಹಾಗಿತ್ತು. ಹೊರಗೆ, ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದ ಅಕ್ಕ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿ "ಕಟ್" ಎಂದಳು.

ಅಂಗೈ ಉಜ್ಜಿಕೊಳ್ಳುತ್ತಾ ತಮ್ಮ ಹೊರಗೆ ಬಂದ. "ಈ ಸಲ ಹೇಗಿತ್ತು?"

"ಕೂಗೋದು ಚೆನ್ನಾಗಿ ಕೂಗ್ತೀಯ. ಹೆದರ್ತಾ ಇಲ್ಲ. ಹೊರಗೆ ನಾನಿದೀನಿ ಅಂತ ನಿಂಗೆ ಗೊತ್ತು, ಅದು ಕಣ್ಣಲ್ಲಿ ಕಾಣ್ತಾ ಇದೆ."

"ನೀನು ಇರೋವಾಗ ಇಲ್ಲ ಅಂತ ಹೇಗೆ ಅಂದ್ಕೊಳ್ಲಿ?"

"ಅದಕ್ಕೇ ಕಣೋ ನಟನೆ ಅನ್ನೋದು."

ಅವನು ತಲೆ ತಗ್ಗಿಸಿದ. ಶಾಲೆಯ ಕೆಲಸ ಬಿಟ್ಟು ನಾಲ್ಕು ವರ್ಷದಿಂದ ಆಡಿಷನ್‌ಗಳಿಗೆ ಅಲೆದವನು. ಹೋದಲ್ಲೆಲ್ಲ ಕೇಳಿದ್ದು ಒಂದೇ ಮಾತು, ಮುಖ ಒಪ್ಪುತ್ತದೆ, ಕಣ್ಣಲ್ಲಿ ಏನೂ ಇಲ್ಲ. ಯಾರೂ ಪಾತ್ರ ಕೊಡದಿದ್ದಾಗ ಅಕ್ಕ ತಾನೇ ಸಿನಿಮಾ ಮಾಡಲು ಹೊರಟಳು. ಊರವರ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಾ, ಭಾನುವಾರ ಭಾನುವಾರ ಶೂಟಿಂಗ್ ಮಾಡಿ, ಎರಡು ವರ್ಷಕ್ಕೆ ಇಲ್ಲಿಗೆ ಬಂದು ಮುಟ್ಟಿದ್ದಳು. ಜೊತೆಯವರು ತಮಾಷೆಗೆ ಒಳಗೆ ಕೂಡಿಹಾಕಿ ಮರೆತುಹೋದ ಹಮಾಲಿಯ ಕಥೆ ಅದು. ಈ ದೃಶ್ಯ ಸಿಗದಿದ್ದರೆ ಸಿನಿಮಾನೇ ಇಲ್ಲ. ನಾಲ್ಕು ಗಂಟೆಗೆ ಸೇಬಿನ ಲಾರಿ ಬರುತ್ತದೆ, ಅಷ್ಟರೊಳಗೆ ಜಾಗ ಖಾಲಿ ಮಾಡಬೇಕು. ಆಗಲೇ ಮೂರು ಕಾಲು.

ಏಳನೇ ಟೇಕ್‌ಗೆ ಗೋದಾಮಿನ ಕಾವಲುಗಾರ ಬಾಗಿಲೆಳೆದು ಮುಚ್ಚಿದ. ಗೇಣುದಪ್ಪದ ಬಾಗಿಲು, ಒಳಗೆ ಎಷ್ಟು ಅರಚಿದರೂ ಹೊರಗೆ ಕೇಳದು. ತಮ್ಮನ ಕಾಲರಿನಲ್ಲಿದ್ದ ಮೈಕಿನ ದನಿ ಅಕ್ಕನ ಕಿವಿಗೆ ಮಾತ್ರ.

"ಯಾರಾದ್ರೂ ಇದೀರಾ? ಬಾಗಿಲು ತೆಗೀರಪ್ಪಾ!" ಬರೆದುಕೊಟ್ಟ ಮಾತೇ. ಆಮೇಲೆ ಏನೋ ಕಳಚಿ ಬಿದ್ದ ಸದ್ದು. ಗಾಜಿನ ಹಿಂದೆ ಅವನ ಮುಖ ಒಮ್ಮೆ ಬಾಗಿ ಕೆಳಗೆ ನೋಡಿತು. ಮತ್ತೆ ಮೇಲೆದ್ದಾಗ ಅದು ಬೇರೆಯೇ ಮುಖ. "ತೆಗೀರಿ! ತೆಗೀರಿ!"

ಅಕ್ಕನ ತೋಳಿನ ಮೇಲೆ ಕೂದಲು ನಿಮಿರಿತು. ಕ್ಯಾಮೆರಾದವನು ಕಣ್ಣು ಕೀಳದೆ "ಡೈರೆಕ್ಟ್ರೇ, ಬಂತು" ಎಂದು ಪಿಸುಗುಟ್ಟಿದ. ಅವಳು ತನಗೇ ತಿಳಿಯದ ಹಾಗೆ ಒಂದು ಹೆಜ್ಜೆ ಮುಂದೆ ಹೋದಳು.

"ಅಕ್ಕಾ."

ಅವಳು ಬರೆದ ಕಥೆಯಲ್ಲಿ ಹಮಾಲಿಗೆ ಅಕ್ಕ ಇರಲಿಲ್ಲ. ಕಟ್ ಹೇಳಲು ಕೈ ಎತ್ತಿದಳು. ಇನ್ನೊಂದೇ ಒಂದು ಉಸಿರು ಅಂದುಕೊಂಡಳು. ಅದಾದ ಮೇಲೆ ಇನ್ನೊಂದು.

"ಅಕ್ಕಾ... ಹಿಡಿ ಕೈಗೇ ಬಂತು... ನಿಜವಾಗ್ಲೂ ಅಕ್ಕಾ..." ಮುಖ ಗಾಜಿನಿಂದ ಜಾರಿ ಕೆಳಗಿಳಿಯಿತು.

"ಕಟ್! ತೆಗೀರಿ ಬಾಗಿಲು, ತೆಗೀರಿ!"

ಕಾವಲುಗಾರ ಹೊರಗಿನ ಹಿಡಿಕೆಯನ್ನು ಎಳೆದ. ಜಗ್ಗಲಿಲ್ಲ. ಎರಡು ಕೈ ಹಾಕಿ ಜೋತುಬಿದ್ದ. "ಒಳಗಿನ ಹಿಡಿ ಕಳಚಿದೆ ಕಣಮ್ಮ, ಅಗುಳಿ ಸಿಕ್ಕೊಂಡ್ಬಿಟ್ಟಿದೆ" ಎಂದವನೇ ಹಾರೆ ತರಲು ಓಡಿದ. ಅಕ್ಕ ಅಂಗೈಯಿಂದ ಬಾಗಿಲು ಬಡಿಯತೊಡಗಿದಳು. ಕಿವಿಯಲ್ಲಿ ತಮ್ಮನ ಹಲ್ಲು ಕಟಕಟಿಸುತ್ತಿತ್ತು. "ಬಂದೆ ಕಣೋ, ಬಂದೆ, ಇಲ್ಲೇ ಇದೀನಿ" ಎಂದು ಅವಳು ಹೇಳುತ್ತಲೇ ಇದ್ದಳು. ಅವನದು ಅವಳಿಗೆ ಕೇಳುತ್ತಿತ್ತು, ಅವಳದು ಅವನಿಗೆ ಕೇಳುವ ಹಾಗಿರಲಿಲ್ಲ. ಹತ್ತು ನಿಮಿಷವಾದರೂ ಹಾರೆ ಬರಲಿಲ್ಲ. ಅವನ ಉಸಿರು ಉದ್ದವಾಯಿತು, ಬಿಟ್ಟು ಬಿಟ್ಟು ಬಂತು. ಪರಪರ ಎಂಬ ಸದ್ದಿನ ಹಿಂದೆಯೇ ಕಿವಿಯೊಳಗೆ ಏನೂ ಇಲ್ಲವಾಯಿತು.

ಹಾರೆಯ ಮೂರನೇ ಮೀಟಿಗೆ ಬಾಗಿಲು ಬಾಯಿಬಿಟ್ಟಿತು. ತಮ್ಮ, ಖಾಲಿ ಪೆಟ್ಟಿಗೆಗಳ ನಡುವೆ ಮಂಡಿಯನ್ನು ಎದೆಗವಚಿಕೊಂಡು ಮುದುಡಿದ್ದ. ಕಿತ್ತುಬಂದ ಮೈಕಿನ ವೈರು ಮುಷ್ಟಿಯಲ್ಲಿತ್ತು. ಜೀವವಿತ್ತು. ಎಳೆದು ಅಂಗಳದ ಬಿಸಿಲಿಗೆ ತಂದರು. ಅಕ್ಕ ಅವನ ಅಂಗಾಲು ತಿಕ್ಕಿದಳು, ತನ್ನ ಸ್ವೆಟರ್ ಹೊದಿಸಿದಳು, ಬಿಸಿನೀರು ಕುಡಿಸಿದಳು. ಅರ್ಧ ಗಂಟೆಗೆ ಅವನ ತುಟಿಗೆ ಬಣ್ಣ ಮರಳಿತು.

ಅವನ ಮೊದಲ ಮಾತು, "ತೋರ್ಸು ನೋಡೋಣ."

"ಈಗ ಬೇಡ ಕಣೋ."

"ಇಲ್ಲ, ನೋಡ್ಬೇಕು." ಸ್ವೆಟರನ್ನು ಎಳೆದುಕೊಳ್ಳುತ್ತಾ ಕೇಳಿದ. "ನಾನು ಕರೆದದ್ದು ಕೇಳಿಸ್ತಾ ನಿಂಗೆ?"

"ಅಕ್ಕಾ ಅಂದ ತಕ್ಷಣ ಕಟ್ ಹೇಳ್ಬಿಟ್ಟೆ."

ಕ್ಯಾಮೆರಾದವನು ವೈರು ಸುತ್ತುವ ನೆಪದಲ್ಲಿ ಅತ್ತ ತಿರುಗಿದ. ತಮ್ಮ, ಹೆಡ್‌ಫೋನ್ ಹಾಕಿಕೊಂಡು ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಬಗ್ಗಿದ. ಅಕ್ಕ ಪರದೆ ನೋಡಲಿಲ್ಲ, ಅವನ ಮುಖ ನೋಡುತ್ತಾ ಕುಳಿತಳು. ಗೇಟಿನಾಚೆ ಲಾರಿ ಹಾರ್ನ್ ಹೊಡೆಯುತ್ತಿತ್ತು. ಒಂದು ಕಡೆ ಅವನು ನಿಲ್ಲಿಸಿದ, ಹಿಂದಕ್ಕೆ ಓಡಿಸಿದ, ಮತ್ತೆ ಅಲ್ಲಿಗೇ ತಂದು ನಿಲ್ಲಿಸಿದ. ಹೆಡ್‌ಫೋನ್ ತೆಗೆದು, ಕ್ಯಾಮೆರಾವನ್ನು ಅವಳ ಕಡೆ ತಿರುಗಿಸಿದ.

ಗಾಜಿನಲ್ಲಿ ಅವನ ತೆರೆದ ಬಾಯಿ. ಅದರ ಮೇಲೆ ತೆಳ್ಳನೆಯ ಹೊಗೆಯಂತೆ ಇನ್ನೊಂದು ಮುಖ ಮೂಡಿತ್ತು. ಕಣ್ಣು ಅರಳಿತ್ತು, ತುಟಿ ಕೊಂಚ ಬಿರಿದಿತ್ತು, ಎತ್ತಿದ ಕೈ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಿತ್ತು.

"ಗಾಜಲ್ಲಿ ನೀನು ಕಾಣಿಸ್ತಾ ಇದೀಯ," ಎಂದ ಅವನು. "ಈ ಶಾಟ್ ಇಡಕ್ಕಾಗಲ್ಲ, ಅಕ್ಕ."