ಕೋಣೆಗೊಂದು ಸ್ಪೀಕರ್

ವೈರಿಂಗ್ ಕೆಲಸಕ್ಕೆ ಬಂದಿದ್ದ ಹುಚ್ಚಣ್ಣ ಬೀರುವಿನ ಬಾಗಿಲ ಮೇಲೆ ಕೈಯಿಟ್ಟದ್ದನ್ನು ದಾಕ್ಷಾಯಣಮ್ಮ ಕಣ್ಣಾರೆ ಕಂಡರು.

"ಏನ್ರೀ ಅಲ್ಲಿ?"

"ಇದರ ಹಿಂದೆ ವೈರ್ ಎಳೀಬೋದಾ ಅಂತ ನೋಡ್ದೆ ಕಣಮ್ಮ," ಎಂದ ಆತ, ಹಲ್ಲು ಕಿರಿದು. ದಾಕ್ಷಾಯಣಮ್ಮ ಬೀಗದ ಕೈ ಗೊಂಚಲನ್ನು ತಂದು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅರಸೀಕೆರೆಯ ಆ ಹಳೇ ಮನೆಯಲ್ಲಿ ಬುಧವಾರ ಬೆಳಗಿನಿಂದಲೂ ಡ್ರಿಲ್ಲಿನ ಆರ್ಭಟ. ಐದು ಕೋಣೆಗೆ ಐದು ಸ್ಪೀಕರ್, ಹಾಲಿಗೊಂದು ದೊಡ್ಡ ಟೀವಿ, ಮಹಡಿಗೊಂದು ಚಿಕ್ಕದು. ಒಂದು ಕಡೆ ಗುಂಡಿ ಒತ್ತಿದರೆ ಮನೆಯೆಲ್ಲಾ ಹಾಡಬೇಕು. ಗೋಡೆಗಳೋ ಮಣ್ಣಿನವು. ಬೆರಳು ತೂರುವಷ್ಟು ತೂತು ಕೊರೆದರೆ ಬೆಕ್ಕು ನುಗ್ಗುವಷ್ಟು ಉದುರುತ್ತಿತ್ತು.

ಇಷ್ಟೆಲ್ಲ ಯಾಕೆ? ಮಗ ಉಮಾಶಂಕರನಿಗಾಗಿ. ಮೂವತ್ತನಾಲ್ಕು ತುಂಬಿತ್ತು, ಕೊಬ್ಬರಿ ಮಂಡಿ ಚೆನ್ನಾಗಿತ್ತು, ಮೂರು ಸಂಬಂಧ ತಪ್ಪಿಹೋಗಿತ್ತು. ಮೂರನೆಯವರು ಹೊಸಿಲು ದಾಟುವಾಗ "ಮನೆ ಹಳೇ ಕಾಲದ್ದು" ಅಂದದ್ದು ದಾಕ್ಷಾಯಣಮ್ಮನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಈಗ ಬಂದಿದ್ದು ಹಗರೆ ಊರಿನ ಹುಡುಗಿ ಸಿರಿಯ ಸಂಬಂಧ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಭಾನುವಾರ ಹೆಣ್ಣಿನ ಕಡೆಯವರು ಮನೆ ನೋಡಲು ಬರುವುದೊಂದೇ ಬಾಕಿ. ಇದೂ ತಪ್ಪಿದರೆ ಮಗನಿಗೆ ಮದುವೆಯ ಮಾತೇ ಇಲ್ಲ ಎಂದು ಆಕೆಗೆ ನಿದ್ದೆಯಿಲ್ಲ.

"ಅವ್ರು ಮನೆ ನೋಡಾಕೆ ಬತ್ತಾರೋ, ಡಬ್ಬ ನೋಡಾಕೆ ಬತ್ತಾರೋ?" ಎಂದು ಗಂಡ ಷಡಕ್ಷರಪ್ಪ ಜಗಲಿಯಿಂದಲೇ ಗೊಣಗಿದರು.

"ನೀವು ಸುಮ್ಕಿರಿ!"

ಎಲೆಕ್ಟ್ರಿಷಿಯನ್ ನಟರಾಜ್ ಹಳೇ ಪರಿಚಯ. ಅನುಮಾನವಿದ್ದದ್ದು ಅವನ ಜೊತೆ ಬಂದ ಹುಚ್ಚಣ್ಣನ ಮೇಲೆ. ಅರವತ್ತು ದಾಟಿದ ಆಳು. ಏಣಿ ಹೊರುತ್ತಿದ್ದವನು ನಟರಾಜ್, ಹತ್ತುತ್ತಿದ್ದವನೂ ನಟರಾಜ್. ಈ ಮನುಷ್ಯ ವೈರಿನ ಸುರುಳಿ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದ. ಬಚ್ಚಲಿನ ನಲ್ಲಿ ತಿರುಗಿಸಿ ನೋಡಿದ. ಅಡುಗೆಮನೆಯ ಅಟ್ಟಕ್ಕೆ ಇಣುಕಿದ. ಹಿತ್ತಲ ಬಾಗಿಲಿನ ಚಿಲಕ ಎಳೆದು ನೋಡಿದ.

"ಹಗಲೊತ್ತು ಮನೇಲಿ ಯಾರಿರ್ತಾರಮ್ಮ?"

ಹೋದ ತಿಂಗಳಷ್ಟೇ ಬಾಣಾವರದಲ್ಲಿ ಒಲೆ ರಿಪೇರಿ ಅಂತ ಬಂದವನು ಸರ ಎತ್ತಿಕೊಂಡು ಹೋಗಿದ್ದ. ದಾಕ್ಷಾಯಣಮ್ಮ ನಟರಾಜನನ್ನು ಮೂಲೆಗೆ ಕರೆದರು. "ಯಾರಪ್ಪಾ ಇವ್ನು?"

ನಟರಾಜ್ ತಲೆಯೆತ್ತಲಿಲ್ಲ. "ನನ್ನ ಹೆಂಡ್ತಿ ಊರಿನ ಕಡೆಯವ್ರು ಕಣಮ್ಮ. ಒಂದಿನದ ಮಟ್ಟಿಗೆ ಬಂದವ್ರೆ."

ಮಧ್ಯಾಹ್ನ ಉಮಾಶಂಕರ ಊಟಕ್ಕೆ ಬಂದ. ತಲೆಯ ಮೇಲೆ ಬೊಗಸೆ ಮಣ್ಣು ಸುರಿದರೂ ಬೈಯಲಿಲ್ಲ, ಏಣಿ ಹಿಡಿದು ನಿಂತ. ಹುಚ್ಚಣ್ಣ ಅವನನ್ನೂ ಬಿಡಲಿಲ್ಲ. "ಸಂಜೆ ಮಂಡಿ ಮುಚ್ಚಿ ಎಲ್ಲಿಗೋಯ್ತೀರಪ್ಪ?"

"ಎಲ್ಲಿಗೆ ಹೋಗ್ಲಿ ಯಜಮಾನ್ರೇ, ಮನೆಗೇ."

ಕಳ್ಳನೇ ಆಗಲಿ, ಉಣ್ಣುವ ಹೊತ್ತಿಗೆ ಮನೆಯಲ್ಲಿದ್ದವನನ್ನು ಬರೀ ಹೊಟ್ಟೆಯಲ್ಲಿ ಇರಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಬಿಸಿ ಮುದ್ದೆ, ಅವರೇಕಾಳಿನ ಸಾರು ಬಡಿಸಿದರು. ಬಡಿಸುತ್ತಲೇ ಬಾಣಾವರದ ಕಳ್ಳನ ಕಥೆಯನ್ನೂ ಬಡಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಿದ್ದ ಆಸಾಮಿ, ಇನ್ನೊಂದು ಮುದ್ದೆ ಹಾಕಿಸಿಕೊಂಡ.

"ಕಣ್ಣು ಗೋಡೆ ಮೇಲಿರ್ಲಿ, ಬೀರು ಮೇಲೆ ಬ್ಯಾಡ," ಎಂದು ನೇರವಾಗಿಯೇ ಅಂದರು.

"ಇಡೋಕೆ ಮುಂಚೆ ಜಾಗ ನೋಡ್ಬೇಕು ಕಣಮ್ಮ. ಆಮ್ಯಾಕೆ ಕಿತ್ತು ತೆಗೆಯಾಕಾಗಲ್ಲ."

ಸಂಜೆ ಹೊರಟವನನ್ನು ದಾಕ್ಷಾಯಣಮ್ಮ ಬಾಗಿಲಲ್ಲೇ ತಡೆದು, ಕೈಚೀಲವನ್ನು ಜಗಲಿಯ ಮೇಲೆ ಸುರಿಸಿದರು. ಎಲೆಯಡಿಕೆ, ಸುಣ್ಣದ ಡಬ್ಬಿ, ಒಂದು ಟವೆಲು. ಒಂದು ಮೊಳೆ ಕೂಡ ಇರಲಿಲ್ಲ. ಅಯ್ಯೋ ಶಿವನೇ, ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ ಆಕೆಗೆ. ಹುಚ್ಚಣ್ಣ ಎಲ್ಲವನ್ನೂ ಮತ್ತೆ ತುಂಬಿಕೊಂಡು, ಕೈಮುಗಿದು ಹೋದ. ನಟರಾಜ್ ಮಾತ್ರ ಬೆವರುತ್ತಿದ್ದ.

ಶನಿವಾರಕ್ಕೆ ಎಲ್ಲಾ ಮುಗಿಯಿತು. ಐದೂ ಕೋಣೆ ಒಟ್ಟಿಗೆ ಹಾಡಿದವು. ಭಾನುವಾರ ದಾಕ್ಷಾಯಣಮ್ಮ ಇಳಕಲ್ ಸೀರೆಯುಟ್ಟು, ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದರು. ಹತ್ತಾಯಿತು, ಹನ್ನೊಂದಾಯಿತು. ಕಾರು ಬರಲಿಲ್ಲ. ಸಂಬಂಧ ತಂದಿದ್ದ ಶಿವಕುಮಾರನ ಫೋನು ಬಂತು.

"ಅಮ್ಮಾ, ಅವ್ರು ಮನೆ ನೋಡೋಕೆ ಬರಲ್ವಂತೆ."

ದಾಕ್ಷಾಯಣಮ್ಮ ಅಲ್ಲೇ ಕುಸಿದು ಕೂತರು. ಕಣ್ಣಲ್ಲಿ ನೀರು ತುಂಬಿತು. "ನಾಲ್ಕನೇದೂ ಹೋಯ್ತಾ? ನಾವೇನಪ್ಪಾ ತಪ್ಪು ಮಾಡಿದ್ವಿ?"

"ಹೋಗಿಲ್ಲ ಕಣಮ್ಮ, ನಿಶ್ಚಿತಾರ್ಥಕ್ಕೆ ದಿನ ಕೇಳ್ತಾವ್ರೆ. ಹುಡುಗಿ ಸೋದರಮಾವ ಹುಚ್ಚಣ್ಣನೋರು ಬುಧವಾರನೇ ನಿಮ್ಮನೇಲಿ ಇಡೀ ದಿನ ವೈರ್ ಹಿಡ್ಕೊಂಡು ಎಲ್ಲಾ ನೋಡ್ಕೊಂಡು ಹೋದ್ರಂತಲ್ಲ!"