ತೆರೆದಿಟ್ಟ ಬಾಗಿಲು

ಒದ್ದೆ ಗೋಣಿಚೀಲದ ವಾಸನೆ ಎಲ್ಲೇ ಬಂದರೂ ನನಗೆ ಕಾವೇರಿ ದಡದ ನಮ್ಮ ಮಣ್ಣಿನ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಮಳೆ ಬಿಡದ ಕಕ್ಕಡ ತಿಂಗಳ ಚಳಿ. ಹೊಳೆ ಆಗಲೇ ತೋಟದ ಬೇಲಿ ದಾಟಿತ್ತು. ಅಜ್ಜಿ ಪಾತ್ರೆ, ಕಂಬಳಿಗಳನ್ನು ಗೋಣಿಚೀಲಕ್ಕೆ ತುಂಬಿ ಕೊಡುತ್ತಿದ್ದರು, ಚಿಕ್ಕಪ್ಪ ಏಣಿ ಹತ್ತಿ ಅಟ್ಟಕ್ಕೆ ಸೇರಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಚಿಕ್ಕಪ್ಪ ಬೀಗ ಹುಡುಕತೊಡಗಿದರು.

“ಬಾಗಿಲು ಹಾಕ್ಬೇಡ,” ಎಂದರು ಅಜ್ಜಿ. “ಹಿಂದಿನ ಬಾಗಿಲೂ ತೆಗೆದಿಡು. ಅಮ್ಮ ಒಳಗೆ ಬಂದ್ರೆ ಹೋಗ್ಲಿಕ್ಕೆ ದಾರಿ ಬೇಕಲ್ಲ. ಇಲ್ಲಾಂದ್ರೆ ಗೋಡೆಯನ್ನೇ ತಳ್ತಾಳೆ.”

ಹೊಳೆಯನ್ನು ಅಜ್ಜಿ ಅಮ್ಮ ಎನ್ನುತ್ತಿದ್ದರು. ನನಗದು ಗೊತ್ತಿರಲಿಲ್ಲ. ನನ್ನ ಅಮ್ಮ ಆ ಬೇಸಿಗೆಯಲ್ಲಿ ಆಸ್ಪತ್ರೆಗೆ ಹೋದವಳು ಮನೆಗೆ ಬಂದಿರಲಿಲ್ಲ. ಕೇಳಿದರೆ ದೊಡ್ಡವರು ಮಾತು ಬದಲಿಸುತ್ತಿದ್ದರು. ಎಲ್ಲರೂ ಅಂಗಳಕ್ಕಿಳಿದಾಗ ನಾನು ಗೋಡೆಗೂಡಿನಲ್ಲಿದ್ದ ಅವಳ ಮರದ ಬಾಚಣಿಗೆಯನ್ನು ತೆಗೆದು, ಬಂದ ಕೂಡಲೇ ಕಾಣುವಂತೆ ಹೊಸ್ತಿಲ ಮೇಲಿಟ್ಟೆ.

ನೀರು ಇಳಿದ ಮೇಲೆ ಮರಳಿ ಬಂದೆವು. ಗೋಡೆಗಳು ನಿಂತಿದ್ದವು. ನೆಲದ ಮೇಲೆ ಪಾದ ಮುಳುಗುವಷ್ಟು ಕೆಸರು. ಹೊಸ್ತಿಲ ಮೇಲೆ ಬಾಚಣಿಗೆ ಇರಲಿಲ್ಲ.

“ಅಜ್ಜೀ, ಅಮ್ಮ ಬಂದಿದ್ಲು. ಹೊಸ್ತಿಲಲ್ಲಿ ಇಟ್ಟಿದ್ದೆ, ಬಾಚಣಿಗೆ ತಕ್ಕೊಂಡು ಹೋಗಿದ್ದಾಳೆ.”

ಕೆಸರು ಎಳೆಯುತ್ತಿದ್ದ ಅಜ್ಜಿಯ ಕೈ ನಿಂತಿತು. ಅವರು ಖಾಲಿ ಗೂಡನ್ನು ನೋಡಿದರು.

“ಹೌದು ಮಗಾ, ಬಂದಿದ್ಲು,” ಎಂದು ಮತ್ತೆ ಬಗ್ಗಿದರು.

ಸಂಜೆ ಗಾಳಿ ಕೊರೆಯತೊಡಗಿದಾಗ ಚಿಕ್ಕಪ್ಪ ಮುಂಬಾಗಿಲು ಮುಚ್ಚಲು ಹೋದರು. ಅಜ್ಜಿ ತಲೆಯೆತ್ತದೆ ಹೇಳಿದರು:

“ಇವತ್ತೊಂದು ದಿನ ಹಾಗೇ ಇರ್ಲಿ.”